ಚಂದ್ರಕೋರದ ಗುಣ

ಅಪ್ಪಾ,

ಹಿರಿಯರಿಗೆ ಬರೆಯುವಾಗ ತೀರ್ಥರೂಪ ಅಂತ ಶುರುಮಾಡಿ, ನಮಸ್ಕಾರ ಬರೆದು, ಕ್ಷೇಮ ಕೇಳಿ, ಆಮೇಲೆ ವಿಷಯಕ್ಕೆ ಬರಬೇಕು ಅಂತ ಅವ್ವ ಕಲಿಸಿದ್ದಳು. ಬೈಲಹೊಂಗಲದ ಅಜ್ಜನಿಗೆ ಪತ್ರ ಬರೆಯುವಾಗ ಪಕ್ಕದಲ್ಲೇ ಕೂತು ಬರೆಸುತ್ತಿದ್ದಳು. ಇವತ್ತು ಅದನ್ನೆಲ್ಲ ಬರೆಯಲು ನನಗೆ ಕೈ ಏಳುತ್ತಿಲ್ಲ. ಬರೀ ಅಪ್ಪಾ ಅಂತ ಬರೆದಿದ್ದೇನೆ, ಅಷ್ಟರಲ್ಲೇ ಸುಧಾರಿಸಿಕೊಳ್ಳಿ.

ಹೋದ ವಾರ ನೀವು ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ನೀವು ಹೇಳಿದ್ದನ್ನು ಕೇತಕಿ ಒಂದಕ್ಷರ ಬಿಡದೆ ಒಪ್ಪಿಸಿದಳು. "ಅವ್ವಾ, ಅಜ್ಜನ ಚಂದ್ರಕೋರ ಬಾರ್ ಕೆಡವ್ತಾರಂತ. ನೀ ಪೇಪರಿನ್ಯಾಗ ಬಾರಿನ ಬಗ್ಗೆ ಬರೀತಿಯಲ್ಲ, ಅದರ ಬಗ್ಗೆನೂ ನಾಕು ಚಲೋ ಮಾತು ಬರೀಬೇಕಂತ. ನೀ ಸಣ್ಣಾಕಿ ಇದ್ದಾಗ ಅಲ್ಲೇ ಆಡಿ ಬೆಳದೀ ಅಂತಲ್ಲ?" ಅಂದಳು. ಅಲ್ಲ ಅಪ್ಪಾ, ಇದನ್ನು ಕೇಳಲಿಕ್ಕೆ ನಿಮಗೆ ಬಾಯಾದರೂ ಹೇಗೆ ಬಂತು? ಅದೂ ಆ ಕೂಸಿನ ಕೈಯಲ್ಲಿ ಹೇಳಿ ಕಳಿಸಿದ್ದೀರಿ. ಇರಲಿ, ಬರೆಯುತ್ತೇನೆ. ಆದರೆ ಇದು ಪೇಪರಿಗೆ ಹೋಗುವುದಿಲ್ಲ. ಓದಬೇಕಾದವರು ನೀವೊಬ್ಬರೇ.

ವಾರಕ್ಕೊಂದು ಬಾರಿಗೋ ಪಬ್ಬಿಗೋ ಹೋಗಿ, ಕೂತು, ನೋಡಿ, ಅದರ ಗುಣ ಹೇಗಿದೆ ಅಂತ ಬರೆಯುವುದೇ ಈಗ ನನ್ನ ಹೊಟ್ಟೆಪಾಡು. ಪುಣೆಯ ಬಾಣೇರದ ಹೊಸ ಪಬ್ಬುಗಳಿಗೆ ಹೋಗುತ್ತೇನೆ. ಅಲ್ಲಿ ಗ್ಲಾಸು ಚಂದ, ದೀಪ ಚಂದ, ಮಾತಾಡಿದ್ದು ಮಾತ್ರ ಪಕ್ಕದವರಿಗೆ ಕೇಳುವುದಿಲ್ಲ. ಪೇಟೆಯ ಗಲ್ಲಿಗಳಲ್ಲಿರುವ ಪರ್ಮಿಟ್ ರೂಮು ಅನ್ನುವ ಹಳೆಯ ಬಾರುಗಳಿಗೂ ಹೋಗುತ್ತೇನೆ. ಹೆಂಗಸು ಒಬ್ಬಳೇ ಬಂದು ಸೋಡಾ ಹೇಳಿ ಕೂತರೆ ಮೊದಲು ಎಲ್ಲರೂ ತಿರುಗಿ ನೋಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಮರೆತ ಮೇಲೆ ನನ್ನ ಕೆಲಸ ಶುರುವಾಗುತ್ತದೆ. ಏನು ಕಣ್ಣು ನಿಮ್ಮದು, ಎಲ್ಲಿ ಕಲಿತಿರಿ ಅಂತ ಓದಿದವರು ಕೇಳುತ್ತಾರೆ. ನಾನು ನಕ್ಕುಬಿಡುತ್ತೇನೆ. ಏಕೆಂದರೆ ಆ ಕಣ್ಣು ನಿಮ್ಮದು, ಅಪ್ಪಾ, ಸುಡಲಿ ಅದನ್ನ.

ಸಾರಸಬಾಗಿನ ಗಣಪತಿ ಗುಡಿಯ ಸಂಜೆಗಳು ನೆನಪಿವೆಯಾ? ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಲೆಕ್ಕ ಬರೆದು ಮುಗಿಸಿ, ಬಿಬವೇವಾಡಿಯ ಮನೆಗೆ ಬಂದು, ಮಾರಿ ತೊಳೆದು, "ಶಿವಕಾಂತಾ, ಪೂರ್ವಾನ್ನ ಗಣಪತಿ ಗುಡಿಗೆ ಕರಕೊಂಡು ಹೋಗಿ ಬರ್ತೇನಿ" ಅನ್ನುತ್ತಿದ್ದಿರಿ. ಅವ್ವನಿಗೆ ಅದೆಷ್ಟು ಖುಷಿ! ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದು ರಿಬ್ಬನ್ ಕಟ್ಟಿ ಕಳಿಸುತ್ತಿದ್ದಳು. ಗುಡಿಯಲ್ಲಿ ನಾವು ನಿಲ್ಲುತ್ತಿದ್ದದ್ದು ಒಂದು ಗಳಿಗೆ. ಹಣೆಗೆ ಕುಂಕುಮ, ಕೈಯಲ್ಲಿ ಪ್ರಸಾದದ ಪುಡಿಕೆ, ಅಲ್ಲಿಂದ ಸೀದಾ ಬಾರಿನ ಫ್ಯಾಮಿಲಿ ಸೆಕ್ಷನ್. ಮದ್ಯ ಮುಟ್ಟದ, ಲಿಂಗಪೂಜೆ ಮಾಡದೆ ನೀರು ಕುಡಿಯದ ಮನೆತನದ ಗಂಡಸು ಪುಣೆಯಲ್ಲಿ ಕುಡಿಯಬೇಕಾದರೆ ಹೆಗಲಿಗೊಂದು ಮಗಳು ಬೇಕು, ಹಣೆಗೆ ಕುಂಕುಮ ಬೇಕು. ನನಗೆ ಒಂದು ಥಮ್ಸಪ್ಪು, ಒಂದು ಮಸಾಲಾ ಪಾಪಡ. ವಾಪಸ್ಸು ಬರುವಾಗ ನೀವು ಬಡೇಸೋಪು ಅಗಿಯುತ್ತ ಸ್ಕೂಟರಿನ ಮೇಲಿಂದಲೇ ನನಗೆ ಪಾಠ ಹೇಳಿಕೊಡುತ್ತಿದ್ದಿರಿ. "ಅವ್ವ ಕೇಳಿದ್ರ ಏನಂತಿ?" "ಗುಡಿಯಾಗ ಭಾಳ ಗದ್ದಲ ಇತ್ತು ಅಂತೇನಿ." "ಶಾಣ್ಯಾ ಹುಡುಗಿ!"

ಆದರೆ ಇದನ್ನೂ ಹೇಳಬೇಕು. ಆ ಸಂಜೆಗಳಲ್ಲಿ ನನಗೆ ನೀವು ಬಹಳ ಇಷ್ಟವಾಗುತ್ತಿದ್ದಿರಿ. ಮನೆಯಲ್ಲಿ ತಲೆ ಎತ್ತಿ ಮಾತಾಡದ ಮನುಷ್ಯ ಅಲ್ಲಿ ನನ್ನ ಜೊತೆ ದೊಡ್ಡವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದ. ಬಂದ ಕೂಡಲೇ ಏನೂ ಹೇಳಬೇಡ, ಸುಮ್ಮನೆ ಕೂಡು ಅನ್ನುತ್ತಿದ್ದಿರಿ. ವೇಟರ್ ಮೊದಲು ಟೇಬಲ್ ಒರೆಸುತ್ತಾನೋ ಮೆನು ಎಸೆದು ಹೋಗುತ್ತಾನೋ ನೋಡು. ಪೆಗ್ಗು ಕಣ್ಣೆದುರು ಅಳೆಯುತ್ತಾನೋ, ಮರೆಯಲ್ಲಿ ಸುರಿದು ತರುತ್ತಾನೋ ನೋಡು. ತಟ್ಟೆಯಲ್ಲಿನ ಶೇಂಗಾ ಮುಗಿದರೆ ಕೇಳದೆ ತಂದಿಡುತ್ತಾನೋ ಇಲ್ಲವೋ. ಒಬ್ಬನೇ ಕೂತು ಕುಡಿಯುವವನನ್ನು ಗಿರಾಕಿ ಹೆಚ್ಚಾದಾಗ ಎಬ್ಬಿಸುತ್ತಾರೋ ಹೇಗೆ. "ಬಾರಿನ ಗುಣ ದಾರೂದಾಗ ಇರೂದಿಲ್ಲವಾ ಪೂರ್ವಾ, ಗಲ್ಲಾದ ಮ್ಯಾಲೆ ಕುಂತವನ ಮಾರಿಯೊಳಗ ಇರ್ತದ" ಅನ್ನುತ್ತಿದ್ದಿರಿ. ಸ್ವಾರಗೇಟದ ಹತ್ತಿರದ ಒಂದನ್ನು ಒಂದೇ ಸಂಜೆಯಲ್ಲಿ ತೆಗೆದುಹಾಕಿದಿರಿ. "ಥೂ, ಇದು ಎಸ್‌ಟಿ ಬಸ್ ಸ್ಟ್ಯಾಂಡ್ ಇದ್ದಂಗ ಅದ. ಕುಂತಾವನ ಖಬರಿಲ್ಲ, ಯಾವಾಗ ಎದ್ದು ಹೋಗ್ತಾನ ಅನ್ನೂದರ ಮ್ಯಾಲೆ ಕಣ್ಣು."

ನಮ್ಮ ಮನೆಯ ಸಮೀಪದಲ್ಲೇ ಮಂಗಳೂರ ಕಡೆಯ ಶೆಟ್ಟರೊಬ್ಬರ ಬಾರಿತ್ತು. ಟೇಬಲ್ ಒರೆಸಿದರು, ಕಣ್ಣೆದುರೇ ಅಳೆದರು, ಕೇಳದೆ ಶೇಂಗಾ ತಂದಿಟ್ಟರು. ಎಲ್ಲದರಲ್ಲೂ ಪಾಸು. ನೀವು ಮತ್ತೊಂದು ಪೆಗ್ಗು ಹೇಳಿದಾಗ ಶೆಟ್ಟರೇ ಎದ್ದು ಬಂದು, "ಸಾಕು ಮಾರಾಯ್ರೆ, ಇವತ್ತಿಗೆ ಮನೆಗೆ ಹೋಗಿ. ಮಗು ಇದೆ ನಿಮ್ಮ ಜೊತೆ" ಅಂದರು. ನೀವು ಕೆಂಪಗಾಗಿ ಎದ್ದುಬಿಟ್ಟಿರಿ. "ಇವ ಯಾರ ನನಗ ಹೇಳಾವ? ಮೊನ್ನೆ ಒಬ್ಬಾಕಿ ಗಂಡನ್ನ ಕರೀಲಿಕ್ಕೆ ಬಂದ್ರ ಸೀದಾ ಒಳಗ ಬಿಟ್ಟಾನಂತ. ಗುಣ ಇಲ್ಲ ಈ ಜಾಗಾಕ್ಕ!" ಅಂದಿರಿ. ಮತ್ತೆ ಆ ಕಡೆ ಸ್ಕೂಟರ್ ತಿರುಗಲಿಲ್ಲ.

ಆಮೇಲೆ ಸಿಕ್ಕಿದ್ದು ಚಂದ್ರಕೋರ. ಅಲ್ಲಿ ಟೇಬಲ್ಲೂ ಅಷ್ಟಕ್ಕಷ್ಟೇ, ಶೇಂಗಾ ಮೆತ್ತಗೆ. ಆದರೂ ಅದಕ್ಕೇ ಪೂರ್ತಿ ಮಾರ್ಕು ಕೊಟ್ಟಿರಿ. ಏಕೆಂದರೆ ಗಲ್ಲಾದ ಮೇಲೆ ಪಾಟಣಕರ ಕಾಕಾ ಇದ್ದರು. ಆಗ ಎಲ್ಲರ ಕೈಗೂ ಮೊಬೈಲ್ ಬಂದಿತ್ತು, ಆದರೆ ನೀವೆಲ್ಲ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಒಳಗೆ ಬರುತ್ತಿದ್ದಿರಿ. ಮನೆಯವರು ಬಾರಿನ ಫೋನಿಗೇ ಮಾಡಬೇಕು. ಪಕ್ಕದ ಬಾಗಿಲಿನಿಂದ ಹೋಗುವ ಫ್ಯಾಮಿಲಿ ಸೆಕ್ಷನ್ನಿನ ಪ್ಲೈವುಡ್ ಗೋಡೆಯಾಚೆ ಏನೂ ಕಾಣುತ್ತಿರಲಿಲ್ಲ, ಕಾಕಾನ ದನಿ ಮಾತ್ರ ಕೇಳುತ್ತಿತ್ತು. "ನಾಹೀ ವಹಿನೀ, ಆಜ ಆಲೇಚ ನಾಹೀತ." ಇಲ್ಲ ವೈನಿ, ಅವರು ಇವತ್ತು ಬಂದೇ ಇಲ್ಲ. ಹಾಗೆ ಬಂದಿಲ್ಲದವರು ಅಲ್ಲೇ ಕೂತು ಗ್ಲಾಸು ಎತ್ತುತ್ತಿದ್ದರು. "ಕೇಳಿದೇನು? ಇದಕ್ಕ ಅಂತಾರ ಗುಣ. ಇಂಥಲ್ಲೆ ಕುಂತ್ರ ಮನುಷ್ಯಾಗ ಭರೋಸಾ" ಅಂದಿರಿ ನೀವು. ನಾನೂ ಹೌದು ಅಂತ ಗೋಣು ಹಾಕಿದೆ, ಪಾಪಡ ಮುರಿಯುತ್ತ.

ದೊಡ್ಡವಳಾದ ಮೇಲೆ ನನ್ನನ್ನು ಕರೆದೊಯ್ಯುವುದು ನಿಂತಿತು. ಗುಡಿಯ ಹೆಸರು ಮಾತ್ರ ನಿಲ್ಲಲಿಲ್ಲ. ನೀವೊಬ್ಬರೇ ಹೋಗಿ ಮುಂದಿನ ಹಾಲಿನಲ್ಲಿ ಗಲ್ಲಾದ ಎದುರಿನ ಟೇಬಲ್ಲಿಗೆ ಕೂಡುತ್ತಿದ್ದಿರಿ. ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆ ಕುಸಿದ ಸಂಜೆ ನೀವು ಅಲ್ಲೇ ಇದ್ದಿರಿ. ಅವಳ ಬಾಯಿ ಒಂದು ಕಡೆ ಎಳೆದಿತ್ತು. ಬಲಗೈಯಲ್ಲಿ ಹಿಟ್ಟು ಹಾಗೇ ಇತ್ತು. ಬಾಜೂ ಮನೆಯ ಕೃಷ್ಣಾಬಾಯಿ ರಿಕ್ಷಾ ತರಲು ಓಡಿದರು. ನಿಮ್ಮ ಮೊಬೈಲಿಗೆ ಮಾಡಿದರೆ ರಿಂಗಾಗುತ್ತಲೇ ಇತ್ತು. ಅದು ಡಿಕ್ಕಿಯಲ್ಲಿದೆ ಅಂತ ನನಗೆ ಗೊತ್ತಿತ್ತು. ಚಂದ್ರಕೋರಕ್ಕೆ ಮಾಡಿದೆ.

ಕಾಕಾ ನನ್ನ ದನಿ ಗುರುತಿಸಿದರು. "ನಾಹೀ ಬಾಳಾ, ಆಲೇ ನಾಹೀತ" ಅಂದರು. ಅವ್ವನಿಗೆ ಏನೋ ಆಗಿದೆ, ಮಾತು ಬರುತ್ತಿಲ್ಲ, ಕಾಕಾ, ದೇವರಾಣೆ ಸುಳ್ಳಲ್ಲ ಅಂತ ಅತ್ತೆ. ಸ್ವಲ್ಪ ಹೊತ್ತು ಆ ಕಡೆ ಏನೂ ಕೇಳಲಿಲ್ಲ. ಆಮೇಲೆ "ಆಲೇ ತರ ಸಾಂಗತೋ" ಅಂದರು. ಬಂದರೆ ಹೇಳುತ್ತೇನೆ. ಇಟ್ಟುಬಿಟ್ಟರು. ಅಲ್ಲಿಗೆ ಫೋನ್ ಮಾಡುವ ಹೆಂಗಸರೆಲ್ಲ ಯಾರಿಗೋ ಹುಷಾರಿಲ್ಲ ಅಂತಲೇ ಹೇಳುತ್ತಾರಲ್ಲ, ಯಾರು ನಂಬುತ್ತಾರೆ?

ದವಾಖಾನೆಯಲ್ಲಿ ಅವ್ವ ಬಾಗಿಲಿನ ಕಡೆಗೇ ನೋಡುತ್ತಿದ್ದಳು. ಪ್ರತಿ ಸಲ ಪರದೆ ಅಲುಗಾಡಿದಾಗ ಕಣ್ಣು ಆ ಕಡೆ ಹೋಗುತ್ತಿತ್ತು. ಅಪ್ಪ ಗುಡಿಯಲ್ಲಿದ್ದಾನೆ, ಬರುತ್ತಾನೆ ಅಂದೆ ನಾನು. ನೀವು ಕಲಿಸಿದ ಪಾಠ ಅಷ್ಟು ಚೆನ್ನಾಗಿ ಬಾಯಿಗೆ ಬಂತು. ನೀವು ಬರುವ ಹೊತ್ತಿಗೆ ಅವಳ ಮುಖದ ಮೇಲೆ ಬಟ್ಟೆ ಎಳೆದಿದ್ದರು. ನಿಮ್ಮ ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಪ್ರಸಾದದ ಪುಡಿಕೆ ಇತ್ತು. ಕೃಷ್ಣಾಬಾಯಿ ಅದನ್ನು ನೋಡಿ, ಪಾಪ, ದೇವರಿಗೆ ಹೋದಾಗಲೇ ಹೀಗಾಗಬೇಕೇ ಅಂತ ಅತ್ತರು.

ಅವ್ವನ ಕಾರ್ಯ ಮುಗಿದ ವಾರವೇ ನೀವು ಮತ್ತೆ ಚಂದ್ರಕೋರಕ್ಕೆ ಹೋದಿರಿ. ನಾನು ಬಾಗಿಲಿಗೆ ಅಡ್ಡ ನಿಂತು ಚೀರಾಡಿದೆ. ಆ ಪಾಟಣಕರ ಒಂದು ಮಾತು ಹೇಳಿದ್ದರೆ ಅವ್ವ ನಿಮ್ಮ ಮುಖ ನೋಡಿಯಾದರೂ ಹೋಗುತ್ತಿದ್ದಳು, ಅವನ ಮನೆ ಹಾಳಾಗಲಿ ಅಂದೆ. ನೀವು ಚಪ್ಪಲಿ ಹಾಕಿಕೊಳ್ಳುತ್ತ, ತಲೆ ತಗ್ಗಿಸಿಕೊಂಡೇ, "ಅವಂದೇನ ತಪ್ಪವಾ? ಅವ ತನ್ನ ಮಾತು ಉಳಿಸ್ಯಾನ" ಅಂದಿರಿ. ಅಷ್ಟೇ. ಅವತ್ತು ನನಗೆ ಇದ್ದ ಅಪ್ಪನೂ ಹೋದ ಅಂದುಕೊಂಡೆ. ಪ್ರಣವನನ್ನು ಮದುವೆಯಾಗಿ ಕೋಥರೂಡಕ್ಕೆ ಬಂದ ಮೇಲೆ ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವುದಷ್ಟೇ ಉಳಿಯಿತು.

ಆದರೂ ಇಷ್ಟು ವರ್ಷ ನನ್ನ ಸಿಟ್ಟಿನ ಹೆಚ್ಚಿನ ಪಾಲು ಪಾಟಣಕರ ಕಾಕಾನ ಮೇಲೆಯೇ ಇತ್ತು, ಅಪ್ಪಾ. ಊರಲ್ಲಿ ಯಾವ ಬಾರಿಗೆ ಹೋದರೂ ನಾನು ಮೊದಲು ನೋಡುವುದು ಗಲ್ಲಾದವನು ಮನೆಯ ಫೋನಿಗೆ ಏನು ಹೇಳುತ್ತಾನೆ ಅಂತ. ನಿಮ್ಮ ಪರೀಕ್ಷೆಯನ್ನೇ ತಿರುವಿ ಹಾಕಿದ್ದೇನೆ. ನೀವು ಕಾಲಿಡದ ಆ ಶೆಟ್ಟರ ಬಾರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಮಾರ್ಕು ಕೊಟ್ಟೆ. ಓದಿ ಶೆಟ್ಟರ ಮಗ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. ನೀವು ಅದನ್ನು ಓದಿದಿರೋ ಇಲ್ಲವೋ ಗೊತ್ತಿಲ್ಲ.

ನೀವು ಕೇಳಿದಿರಲ್ಲ ಅಂತ ಮೊನ್ನೆ ಶನಿವಾರ ಸಂಜೆ ಚಂದ್ರಕೋರ ನೋಡಲು ಹೋದೆ. ಒಳಗೆ ಬರಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ, ನೀರಾ ಮಾರುವವನ ಪಕ್ಕ ನಿಂತಿದ್ದೆ. ಕೆಡವುವ ತಯಾರಿಗೆ ಮುಂದಿನ ಕಪ್ಪು ಗಾಜು ತೆಗೆದಿದ್ದಾರೆ. ಆ ಬಾರಿನ ಮುಂದಿನ ಹಾಲು ಹೇಗಿದೆ ಅಂತ ನಾನು ನೋಡಿದ್ದು ಅದೇ ಮೊದಲು. ಗಲ್ಲಾದ ಮೇಲೆ ಕಾಕಾನ ಮಗ. ಎದುರಿಗೆ ನಿಮ್ಮ ಟೇಬಲ್, ನೀವು, ಹಣೆಯಲ್ಲಿ ಕುಂಕುಮ. ಯಾರಿಗಾಗಿ ಹಚ್ಚಿಕೊಳ್ಳುತ್ತೀರಿ ಇನ್ನೂ? ನನಗೆ ಏನನ್ನಿಸಿತೋ, ಆ ಹಳೆಯ ನಂಬರಿಗೆ ಫೋನ್ ಮಾಡಿದೆ. ಶಂಕ್ರೆಪ್ಪ ಸಾಹೇಬರು ಇದ್ದಾರಾ ಅಂತ ಕೇಳಿದೆ.

ಕಾಕಾನ ಮಗ ಅಂಗೈಯಿಂದ ಫೋನಿನ ಬಾಯಿ ಮುಚ್ಚಿದ. ನಿಮ್ಮ ಕಡೆ ನೋಡಿದ. ನೀವು ಗ್ಲಾಸಿನಿಂದ ಕಣ್ಣೆತ್ತಲಿಲ್ಲ. ಯಾರು, ಏನು ಅಂತ ಕೇಳಲಿಲ್ಲ. ಎಡಗೈ ಎತ್ತಿ ಎರಡು ಸಲ ಆಡಿಸಿದಿರಿ, ನೊಣ ಓಡಿಸುವವರ ಹಾಗೆ. "ನಾಹೀ ತಾಯೀ, ಆಜ ಆಲೇ ನಾಹೀತ" ಅಂದ ಅವನು.

ಇದು ಗಲ್ಲಾದವನ ಉತ್ತರವಲ್ಲ ಅಂತ ನನಗೆ ಗೊತ್ತಾದದ್ದು ಆಗ. ಪ್ರತಿ ಸಲ ಫೋನಿನ ಬಾಯಿ ಮುಚ್ಚಿ, ಗಿರಾಕಿಯನ್ನು ನೋಡಿ, ಅವನ ಕೈ ಏನು ಹೇಳುತ್ತದೋ ಅದನ್ನೇ ಹೇಳುತ್ತಾರೆ. ಅವತ್ತು ನಾನು ಅತ್ತಾಗ ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ ಅಂದೆನಲ್ಲ, ಆಗ ಕಾಕಾ ನಿಮ್ಮನ್ನು ನೋಡಿದ್ದರು. ನಿಮ್ಮ ಮಗಳು ಅಳುತ್ತಿದ್ದಾಳೆ ಅಂತ ಹೇಳಿದರೋ ಏನೋ. ನೀವು ಕೈ ಆಡಿಸಿದಿರಿ. ಹೌದೋ ಅಲ್ಲವೋ? ನನಗೆ ಉತ್ತರ ಬೇಕು, ಅಪ್ಪಾ. ಸತ್ತ ಪಾಟಣಕರನಿಗೆ ಇಷ್ಟು ವರ್ಷ ನಾನು ಹಾಕಿದ ಶಾಪ ಯಾರಿಗೆ ಸೇರಬೇಕಿತ್ತು ಹೇಳಿ.

ಇಷ್ಟನ್ನು ಫೋನಿನಲ್ಲೇ ಕೇಳಬಹುದಿತ್ತು. ನಿನ್ನೆ ನೀವು ಮತ್ತೆ ಮಾಡಿದಿರಿ, ಬರೆದಳೋ ಇಲ್ಲವೋ ಅಂತ ಕೇಳಲು. ಫೋನ್ ಎತ್ತಿದ್ದು ಕೇತಕಿ. ನಾನು ಅಲ್ಲೇ ಊಟದ ಟೇಬಲ್ಲಿಗೆ ಕೂತು ಮೆಂತ್ಯೆ ಬಿಡಿಸುತ್ತಿದ್ದೆ. ಅವಳು ಅಂಗೈಯಿಂದ ಫೋನ್ ಮುಚ್ಚಿ ನನ್ನ ಕಡೆ ನೋಡಿದಳು. ನಾನು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಎಡಗೈ ಎತ್ತಿ ಎರಡು ಸಲ ಆಡಿಸಿದೆ.

"ಅವ್ವ ಮನ್ಯಾಗ ಇಲ್ಲಜ್ಜಾ" ಅಂದಳು ನನ್ನ ಮಗಳು. ಎಷ್ಟು ಸಲೀಸಾಗಿ ಹೇಳಿದಳು ಅಂತೀರಿ! ಫೋನ್ ಇಟ್ಟು ನನ್ನ ಮುಖ ನೋಡಿದಳು, ಶಾಬಾಸ್ ಅನ್ನಲಿ ಅಂತ. ನಿಮ್ಮ ಲೆಕ್ಕದಲ್ಲಿ ನನ್ನ ಮನೆಗೂ ಪೂರ್ತಿ ಮಾರ್ಕು ಬಂತು. ನನಗೆ ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ ನಲ್ಲಿಯ ಕೆಳಗೆ ಹಿಡಿದು ನಿಂತೆ.

ಚಂದ್ರಕೋರದ ಬಗ್ಗೆ ನಾನು ಪೇಪರಿನಲ್ಲಿ ಒಂದು ಸಾಲೂ ಬರೆಯುವುದಿಲ್ಲ. ಕೆಡವಲಿ. ಇನ್ನು ನೀವು ಫೋನ್ ಮಾಡಿದರೆ ನಾನೇ ಎತ್ತುತ್ತೇನೆ. ಸಿಹಿ ಮಾತಾಡುತ್ತೇನೆ ಅಂದುಕೊಳ್ಳಬೇಡಿ, ಆ ಸಂಜೆಯ ಪ್ರಶ್ನೆಯನ್ನೇ ಕೇಳುತ್ತೇನೆ, ನೀವು ಹೇಳುವ ತನಕ ಕೇಳುತ್ತೇನೆ. ಆದರೆ ಮನೆಯಲ್ಲಿ ಇದ್ದೇನೆ ಅಂತ ಹೇಳುತ್ತೇನೆ. ನನ್ನ ಮಗಳು ಅದನ್ನು ಕೇಳಿಸಿಕೊಳ್ಳಬೇಕು.

ಇಂಥ ಕಾಗದದ ಕೊನೆಗೂ ಮಕ್ಕಳು ಆಶೀರ್ವಾದ ಬೇಡಬೇಕಂತೆ, ಅದನ್ನೂ ಅವ್ವನೇ ಹೇಳಿದ್ದು. ನನಗೆ ಬೇಡ. ಆ ಕೈಯನ್ನು ನನ್ನ ತಲೆಯ ಮೇಲೆ ಎತ್ತಬೇಡಿ. ನಿಮ್ಮ ಮೊಮ್ಮಗಳಿಗೆ ಸುಳ್ಳು ಬಾಯಿಗೆ ಬಾರದಿರಲಿ ಅಂತ ಗುಡಿಯ ಒಳಗೆ ಹೋಗಿ, ಒಂದಿಷ್ಟು ಹೊತ್ತು ನಿಂತು ಬೇಡಿಕೊಳ್ಳಿ. ಆಮೇಲೆ ಸೀದಾ ಮನೆಗೆ ಹೋಗಿ.

ಮನೆಯಲ್ಲೇ ಇರುವ,
ಪೂರ್ವಾ