ಹಾಲಗುಂಡಿ ಗುಡ್ಡದ ಖಾಲಿ ಕೋಣೆ

ಮಾಳಗಟ್ಟಿ, ೩೦ ಫೆಬ್ರವರಿ ೨೧೯೧

ನೂರಕ್ಕೂ ಹೆಚ್ಚು ವರ್ಷ ಹಿಂದೆ ಬಾಳುತ್ತಿರುವ ಪ್ರಿಯರೇ,

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಸಾಲದ್ದಕ್ಕೆ ಮದುವೆಯಾಗಿ ಒಂಬತ್ತೇ ದಿನ. ನನ್ನ ತೋಂಟೇಶ ಎಷ್ಟು ಒಳ್ಳೆಯವನೆಂದು ಬರೆಯಲು ಕೂತರೆ ಕಾಗದ ಮುಗಿದೀತು. ಆದರೆ ಹೇಳಬೇಕಾದದ್ದು ಬೇರೆ ಇದೆ.

ನಿಮ್ಮ ಕಾಲದಲ್ಲಿ ಮದುಮಕ್ಕಳಿಗೆ ಹಾಡುಹಗಲಲ್ಲೇ ಅರುಂಧತಿ ನಕ್ಷತ್ರ ತೋರಿಸುತ್ತಿದ್ದರಂತೆ, ಕಾಣದಿದ್ದರೂ ಎಲ್ಲರೂ ಕಂಡಿತು ಎನ್ನುತ್ತಿದ್ದರಂತೆ. ನಮ್ಮಲ್ಲಿ ಮಿರರ್ ತೋರಿಸುತ್ತಾರೆ. ನಮ್ಮ ಯಂತ್ರಗಳಿಗೆಲ್ಲ ಬೇಕಾದ ಸಾಫ್ಟ್‌ವೇರ್ ಊರಿನ ಮೂಲಭಂಡಾರದಲ್ಲಿದೆ; ಅದರ ಪ್ರತಿಯನ್ನು ಇಟ್ಟುಕೊಂಡು, ಮೂಲ ನಿಂತಾಗ ಉತ್ತರಿಸುವ ಸಾರ್ವಜನಿಕ ಸರ್ವರ್‌ಗೆ ಮಿರರ್ ಎನ್ನುತ್ತೇವೆ. ಅದು ಹಾಲಗುಂಡಿ ಗುಡ್ಡದ ಮೇಲಿದೆಯೆಂದು ಊರಿನ ಸರ್ವರ್‌ಗಳ ಪಟ್ಟಿ ಹೇಳುತ್ತದೆ. ಮದುಮಕ್ಕಳು ಗುಡ್ಡ ಹತ್ತಿ, ಅದನ್ನು ಮುಟ್ಟಿ, ಊರಿನ ಮದುವೆ ಪುಸ್ತಕದಲ್ಲಿ ‘ಕಂಡೆವು, ಸಿದ್ಧವಿದೆ’ ಎಂದು ಬರೆದರೆ ಮಾತ್ರ ಮದುವೆ ದಾಖಲಾಗುತ್ತದೆ. ಬಿಸಿಲಿಗೆ ಹೆದರಿ ಎಲ್ಲರೂ ಗುಡ್ಡದ ಬುಡದಲ್ಲೇ ಬುತ್ತಿ ಬಿಚ್ಚುತ್ತಾರೆ, ಮಿರರ್ ಉತ್ತರಿಸುತ್ತಿದೆ ಎಂದು ಫೋನಿನಲ್ಲಿ ಹತ್ತುವ ಹಸಿರು ದೀಪ ನೋಡಿ ಬರೆದುಬಿಡುತ್ತಾರೆ.

ನಾವು ಹತ್ತಿದೆವು. ಇನ್ನಷ್ಟು ಹೊತ್ತು ಇಬ್ಬರೇ ಇರುವ ಆಸೆ, ಅಷ್ಟೇ. ಮೇಲಿನ ಕೋಣೆ ಖಾಲಿ. ಗೋಡೆಯಲ್ಲಿ ಮೊಳೆಯ ತೂತು, ನೆಲದ ತುಂಬ ಪಾರಿವಾಳದ ಹಿಕ್ಕೆ. ಫೋನಿನಲ್ಲಿ ಮಾತ್ರ ಅದೇ ಹಸಿರು ದೀಪ. ಮಿರರಿನ ಹೆಸರಿಗೆ ಹೋದ ಪ್ರತಿ ಕರೆಗೂ ಇಷ್ಟು ವರ್ಷ ಮೂಲಭಂಡಾರವೇ ಉತ್ತರಿಸುತ್ತಿತ್ತೆಂದು ತೋಂಟೇಶ ಅಲ್ಲೇ ಕೂತು ಪತ್ತೆ ಹಚ್ಚಿದ. ಮಿರರ್ ಇದೆಯಲ್ಲ ಎಂಬ ಧೈರ್ಯದಲ್ಲಿ ಬರುವ ಸೋಮವಾರ ಆ ಭಂಡಾರವನ್ನು ದುರಸ್ತಿಗೆ ನಿಲ್ಲಿಸುತ್ತಾರೆ. ನನ್ನ ಅತ್ತೆಯ ಎದೆಯೊಳಗಿನ ಯಂತ್ರ ದಿನವೂ ಅಲ್ಲಿಂದಲೇ ಸೂಚನೆ ಪಡೆಯುತ್ತದೆ. ಒಂದು ದಿನ ಸಿಗದಿದ್ದರೂ ನಿಂತುಹೋಗುತ್ತದೆ.

ಅತ್ತೆಗೆ ಹೇಳಿದೆವು. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಇಲ್ಲ ಅಂತ ಬರದ್ರ ನಿಮ್ಮ ಲಗ್ನಾನ ಆಗಿಲ್ಲ ಅಂತಾರವಾ. ಸುಮ್ನ ಬರದ್ಬಿಡ್ರಿ. ನಾನೂ ಬುಡಕ್ಕ ಕುಂತ ಕಂಡೆ ಅಂತ ಬರದಾಕಿ.”

ಅಷ್ಟು ಹೇಳಿ, ಹಿಟ್ಟಿನ ಕೈಯನ್ನೇ ಎದೆಯ ಮೇಲೆ ಇಟ್ಟುಕೊಂಡರು.

ನಾವು ‘ಕಾಣಲಿಲ್ಲ’ ಎಂದು ಬರೆದೆವು. ಆ ಪುಸ್ತಕದಲ್ಲಿ ಅಂಥ ಮಾತು ಅದೇ ಮೊದಲು. ದುರಸ್ತಿ ಮುಂದೂಡುತ್ತಾರೋ ಇಲ್ಲವೋ, ಇನ್ನೂ ಯಾರೂ ಹೇಳಿಲ್ಲ. ಇವತ್ತು ಶುಕ್ರವಾರ. ದಾಖಲೆಯ ಪ್ರಕಾರ ನಾವಿನ್ನೂ ಗಂಡಹೆಂಡತಿಯಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಪಟ್ಟಿಗಳಲ್ಲಿರುವ ಮಿರರ್‌ಗಳ ಬಳಿಗೆ ಒಮ್ಮೆ ನಡೆದು ಹೋಗಿ. ದೀಪ ನೋಡಬೇಡಿ, ಕೈಯಿಟ್ಟು ನೋಡಿ, ಬೆಚ್ಚಗಿದೆಯೇ ಎಂದು. ನಾನು ಈಗ ದಿನಕ್ಕೆ ಹತ್ತು ಸಲ ಏನಾದರೊಂದು ನೆಪ ಮಾಡಿ ಅತ್ತೆಯ ಎದೆಯ ಮೇಲಿನ ಸೆರಗು ಸರಿಮಾಡುತ್ತೇನೆ.

ನಿಮ್ಮ
ನೀಲಾಂಬಿಕೆ