ಹಳೇ ವ್ಯಾಗನ್ನಿಗೆ ಬೇರೆ ಎಂಜಿನ್

೯ ಜನವರಿ ೧೯೭೯. ಮಧ್ಯಾಹ್ನ ೩
ಮತ್ತೆ ಸಂಸೆ ಏರಿನಲ್ಲೇ ಗಾಡಿ ನಿಂತಿತು. ಹಿಂದೆ ಆರು ಮೂಟೆ ಎಲೆಕೋಸು, ಎರಡು ಮೂಟೆ ಈರುಳ್ಳಿ. ಬಾನೆಟ್ಟಿನಿಂದ ಹೊಗೆ. ಬಸ್ಸಿನಲ್ಲಿದ್ದವರು ನೋಡಿ ನಕ್ಕರು. ನಗಲಿ. ಕುದುರೆಮುಖದ ಗಣಿ ಕ್ಯಾಂಟೀನಿಗೆ ಹೊತ್ತಿಗೆ ಸರಿಯಾಗಿ ತರಕಾರಿ ಮುಟ್ಟದಿದ್ದರೆ ಸಪ್ಲೈ ಬೇರೆಯವರ ಪಾಲು. ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು ಮೂಟೆ ದಾಟಿಸಿದೆ.
ಇವರು ತೀರಿಹೋಗಿ ಹದಿನಾಲ್ಕು ತಿಂಗಳು. ಅಂಗಡಿಯೂ ನನ್ನದೇ, ಸ್ಟೀರಿಂಗೂ ನನ್ನದೇ. ಕಳಸದ ಪೇಟೆಗೆ ಇನ್ನೂ ಅಭ್ಯಾಸವಾಗಿಲ್ಲ.

೧೧ ಜನವರಿ
ಮೂಡಿಗೆರೆಯಿಂದ ನಿಜಾಮುದ್ದೀನ್ ಸಾಹೇಬರು ಬಂದರು. ಐವತ್ತಾರರಲ್ಲಿ ಇವರು ಈ ಸ್ಟೇಷನ್ ವ್ಯಾಗನ್ ತಂದಾಗಿನಿಂದ ಅವರೇ ಮೆಕ್ಯಾನಿಕ್. ಅರ್ಧ ದಿನ ಬಿಚ್ಚಿ ನೋಡಿದರು.
“ಎರಡು ದಾರಿ ಅದೆ ಅಕ್ಕಾ. ಈ ಪೆಟ್ರೋಲ್ ಎಂಜಿನ್ನೇ ಬೋರ್ ಮಾಡ್ಸಿ, ಹೊಸ ಪಿಸ್ಟನ್ ಹಾಕಣ. ಹೊಲಿಗೆ ಮಿಷನ್ ತರ ಓಡ್ತದೆ. ಆದ್ರೆ ಈ ಲೋಡಿಗೆ, ಈ ಏರಿಗೆ... ಎರಡೇ ಮಳೆಗಾಲ.”
“ಇನ್ನೊಂದು?”
“ಮಂಗಳೂರಲ್ಲಿ ಒಂದು ಡೀಸೆಲ್ ಎಂಜಿನ್ ಅದೆ. ಎತ್ತಿನ ಹಂಗೆ ಎಳೀತದೆ. ಭಾರ ಜಾಸ್ತಿ. ಮುಂದಿನ ಸ್ಪ್ರಿಂಗ್ ಪ್ಲೇಟು ಬದಲಾಯಿಸ್ಬೇಕು. ಗಾಡಿ ಗಡಗಡ ನಡುಗ್ತದೆ. ಲಿಂಗಪ್ಪಣ್ಣನ ಗಾಡಿ ಸದ್ದು ಮಾತ್ರ ಹೋಯ್ತು ಅಂತ್ಲೇ ತಿಳ್ಕಳ್ಳಿ.”
ಪ್ರತಿ ಭಾನುವಾರ ಆ ಎಂಜಿನ್ನನ್ನು ಒರೆಸುತ್ತಿದ್ದರು ಇವರು. ನನಗೆ ಡ್ರೈವಿಂಗ್ ಕಲಿಸಿದ್ದೂ ಇದರಲ್ಲೇ. ಊರು ಆಡಿಕೊಂಡಾಗ ಹಟ ಹಿಡಿದು ಲೈಸೆನ್ಸೂ ಮಾಡಿಸಿಕೊಟ್ಟರು.

೧೨ ಜನವರಿ
ಅತ್ತೆಗೆ ಹೇಳಿದೆ.
“ನನ್ನ ಮಗನ ಕೈ ಆಡಿದ ಎಂಜಿನ್ನು ಮಾರಾಯ್ತಿ. ಕಿತ್ತು ಬಿಸಾಕ್ತೀಯಾ?”
“ಬಿಸಾಕಲ್ಲ ಅತ್ತೆ. ಇಟ್ಕಳ್ತೀನಿ.”
“ಅದಿಲ್ದೇ ಇದ್ರೆ ಅದು ಯಾರ ಗಾಡಿ?”
ಉಣ್ಣಲು ಕೂತೆವು. ಸಾರು ಆರಿಹೋಗಿತ್ತು.

೧೯ ಜನವರಿ
ಡೀಸೆಲ್ ಅಂತ ತೀರ್ಮಾನ ಮಾಡಿದೆ. ನೆನಪು ಬೇರೆ, ಏರು ಬೇರೆ. ಏರು ಹತ್ತಬೇಕಾದವಳು ನಾನು.
ಸಾಹೇಬರಿಗೆ ಹೇಳಿದರೆ ಹೊಸ ತೊಡಕು. ಎಂಜಿನ್ ನಂಬರ್ ಬದಲಾದರೆ ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು. “ಓನರ್ ಸಹಿ ಬೇಕು ಅಕ್ಕಾ.” ಪುಸ್ತಕ ಇನ್ನೂ ಇವರ ಹೆಸರಿನಲ್ಲೇ ಇದೆ. ಅದೂ ಚಿಕ್ಕಮಗಳೂರಿನಲ್ಲಿ ಮೈದುನ ಸಿದ್ದಬಸಪ್ಪನ ಹತ್ತಿರ. “ಭದ್ರವಾಗಿರಲಿ” ಅಂತ ತಿಥಿಯ ದಿನವೇ ತೆಗೆದುಕೊಂಡು ಹೋಗಿದ್ದ.
ಹಾಗಾದರೆ ಇಷ್ಟು ದಿನ ನಾನು ಬರೀ ಡ್ರೈವರ್!
ಪುಸ್ತಕ ಕೊಡು ಅಂತ ಅವನಿಗೆ ಕಾಗದ ಹಾಕಿದ್ದೇನೆ.

೨೮ ಜನವರಿ
ಸಿದ್ದಬಸಪ್ಪ ಬಂದ. ಒಬ್ಬನೇ ಅಲ್ಲ — ಜೊತೆಗೆ ಬೆಂಗಳೂರಿನವನೊಬ್ಬ, ಕಪ್ಪು ಕನ್ನಡಕ. ಹಳೇ ಗಾಡಿ ಕೊಳ್ಳುವ ಶೋಕಿಯಂತೆ. ಸುತ್ತ ತಿರುಗಿ ಬಾಗಿಲು ತಟ್ಟಿ ನೋಡಿದ. “ಎಂಜಿನ್ ಮುಟ್ಟಬೇಡಿ. ಒರಿಜಿನಲ್ ಇದ್ರೆ ಮಾತ್ರ ನನಗೆ ಬೇಕು.”
ಇದಕ್ಕಾ ಭದ್ರ!
“ಅಣ್ಣನ ನೆನಪು ಹಾಳು ಮಾಡ್ಬೇಡಿ ಅತ್ತಿಗೆ” ಅಂದ ಮೈದುನ.
“ಮಾರಿದ್ರೆ ಉಳೀತದಾ?”
“ಹೆಂಗಸರಿಗೆ ಯಾಕೆ ಈ ಲೋಡು ಗೀಡು...”
“ಲೋಡು ಹೊರೋದು ಗಾಡಿ. ನಾನಲ್ಲ.”
ಜಗಲಿಯಿಂದ ಅತ್ತೆ ಕೇಳಿದರು, “ಯಾರನ್ನ ಕೇಳಿ ಕರ್ಕಂಡು ಬಂದ್ಯೋ?”
“ನಿಮಗೆ ಒಳ್ಳೇದಾಗ್ಲಿ ಅಂತ ಅವ್ವಾ.”
“ಪುಸ್ತಕ ತಂದಿದೀಯಲ್ಲ. ಕೊಡು.”
ಕೊಡಲಿಲ್ಲ. ಅತ್ತೆ ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು. ಕೈ ಇಳಿಯಲಿಲ್ಲ. ಕನ್ನಡಕದವನು ಗೇಟಿನ ಕಡೆ ನೋಡತೊಡಗಿದ. ಕೊನೆಗೆ ಸಿದ್ದಬಸಪ್ಪ ಪುಸ್ತಕ ಕೊಟ್ಟ. ಅತ್ತೆ ಅದನ್ನು ತಂದು ನನ್ನ ಮಡಿಲಿಗೆ ಹಾಕಿದರು. ಡೀಸೆಲ್ಲಿಗೆ ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

೧೪ ಫೆಬ್ರವರಿ
ಮೊದಲ ಬಸ್ಸಿಗೆ ಚಿಕ್ಕಮಗಳೂರು. ಅತ್ತೆಯೂ ಬಂದರು, ದಾರಿಯುದ್ದಕ್ಕೂ ವಾಂತಿ.
ಆರ್.ಟಿ.ಓ. ಆಫೀಸು, ಪುಸ್ತಕ ನನ್ನ ಹೆಸರಿಗೆ ಮಾಡಿಸಲು. ಮಕ್ಕಳಿಲ್ಲದ್ದರಿಂದ ಹಕ್ಕು ಹೆಂಡತಿ, ತಾಯಿ ಇಬ್ಬರದೇ, ತಮ್ಮನ ಸಹಿ ಬೇಕಿಲ್ಲ ಅಂದರು ಗುಮಾಸ್ತರು.
“ಗಂಡನ ಹೆಸರು?”
ಇಪ್ಪತ್ತು ವರ್ಷದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆಯ ಮುಖ ನೋಡಿದೆ.
“ಹೇಳು” ಅಂದರು.
“ಲಿಂಗಪ್ಪ.” ಜೋರಾಗಿಯೇ ಹೇಳಿದೆ.
ಅತ್ತೆ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಮಾಡಿದೆ — ಸರ್ವಮಂಗಳಾ. ಅಕ್ಷರ ಸ್ವಲ್ಪ ದಪ್ಪವೇ ಬಂತು.

೫ ಮಾರ್ಚ್. ಮೂಡಿಗೆರೆ
ಚೈನು ಕಟ್ಟಿ ಹಳೇ ಎಂಜಿನ್ ಎತ್ತಿದರು. ಆ ಖಾಲಿ ಜಾಗ... ನೋಡಲಾಗಲಿಲ್ಲ. ಸಾಹೇಬರು ಕೈ ನಿಲ್ಲಿಸಿ, “ಈಗ್ಲೂ ಬೇಡ ಅಂದ್ರೆ ವಾಪಸ್ ಕೂರಿಸ್ತೀನಿ” ಅಂದರು. ಅಳು ಬಂತು. ಬರಲಿ.
“ಡೀಸೆಲ್ ಇಳಿಸಿ” ಅಂದೆ.

೨೬ ಮಾರ್ಚ್
ಸಂಸೆ ಏರನ್ನು ಎರಡನೇ ಗೇರಿನಲ್ಲೇ ಹತ್ತಿತು. ಹತ್ತು ಮೂಟೆ, ಮುಂದಿನ ಸೀಟಿನಲ್ಲಿ ಅತ್ತೆ ಬೇರೆ. ಸ್ಟೀರಿಂಗ್ ಕಲ್ಲಿನಷ್ಟು ಭಾರ, ಮೊಣಕೈ ಜೋಮು ಹಿಡಿದಿದೆ. ಇವರ ಗಾಡಿಯ ಸದ್ದು ಇಲ್ಲ. ಒಂದೆರಡು ತಿರುವಿನವರೆಗೆ ಅದನ್ನೇ ಹುಡುಕಿದೆ, ಆಮೇಲೆ ಬಿಟ್ಟೆ.
“ಕಿವಿ ಹೋಯ್ತು ಮಾರಾಯ್ತಿ!” ಅಂತ ಕೂಗಿದರು ಅತ್ತೆ. ಇಳಿಯುತ್ತೀರಾ ಅಂದರೆ ಇಲ್ಲವಂತೆ.

೨ ಏಪ್ರಿಲ್. ಬೆಳಿಗ್ಗೆ ೬:೩೦
ನಿನ್ನೆ ಸಂಜೆ ಜವಳಿ ಅಂಗಡಿ ಸುಬ್ಬಣ್ಣನವರು ಬಂದಿದ್ದರು. ಸಿದ್ದಬಸಪ್ಪ ಊರ ಹಿರಿಯರನ್ನು ಕೂಡಿಸಿದ್ದಾನಂತೆ. “ಗಂಡಸರ ಕ್ಯಾಂಟೀನಿಗೆ ನೀವು ಗಾಡಿ ಹೊಡ್ಕಂಡು ಹೋಗೋದು ಸರಿ ಕಾಣಲ್ಲ ಅಂತ ನಾಲ್ಕು ಜನ ಹೇಳ್ತಾರೆ ತಾಯಿ. ನಾಳೆ ಹತ್ತಕ್ಕೆ ಹಿರಿಯರ ಮುಂದೆ ಬಂದು, ಗಾಡಿ ಹೊಡೆಯೋದು ನಿಲ್ಲಿಸ್ತೀನಿ ಅಂತ ಒಂದು ಮಾತು ಹೇಳಿಬಿಡಿ.”
ಹತ್ತಕ್ಕೆ ನಾನು ಕುದುರೆಮುಖದಲ್ಲಿ ಎಲೆಕೋಸು ಇಳಿಸುತ್ತಿರುತ್ತೇನೆ. ಮಾತಾಡಬೇಕಾದವರು ಅಲ್ಲಿಗೇ ಬರಲಿ. ಮೂಟೆಗಳ ಮೇಲೆ ನಾಲ್ಕು ಜನಕ್ಕೆ ಜಾಗವಿದೆ, ನಾನೇ ಕರೆದುಕೊಂಡು—
ಅತ್ತೆ ಆಗಲೇ ಹೋಗಿ ಗಾಡಿಯಲ್ಲಿ ಕೂತು ಹಾರ್ನ್ ಒತ್ತುತ್ತಿದ್ದಾರೆ. ಊರಿಗೆಲ್ಲ ಕೇಳುವ ಹಾಗೆ. ಉಳಿದದ್ದು ಬಂದು ಬರೆಯುತ್ತೇನೆ.