ಅಡ್ಡಗಾಲು ಬ್ಯಾಂಡಿನ ಮೂರು ಆಲ್ಬಮ್

ಫೆಬ್ರವರಿ 3, ಸೋಮವಾರ
ರವೀಗೆ ಗಂಜಿ ಕುಡಿಸಿದ್ದಾಯ್ತು. ಅರ್ಧ ಕತ್ತಿನ ಮೇಲೆ. ಶರ್ಟು ಬದಲಾಯಿಸಿ, ಬಲಗೈಗೆ ಎಕ್ಸರ್ಸೈಸ್ ಮಾಡಿಸಿ, ಈಗ ಕೂತೆ. ನವೆಂಬರಲ್ಲಿ ಸ್ಟ್ರೋಕ್ ಆದಾಗಿಂದ ಮಾತಿಲ್ಲ. ಎಲ್ಲಾ ಅರ್ಥ ಆಗುತ್ತೆ, ಬಾಯಿಗೆ ಬರಲ್ಲ. ಬ್ಯಾಂಡಿನ ಹಾಡುಗಾರ, ನನ್ನ ಗಂಡ — ಒಂದು ಲೋಟ ನೀರು ಕೇಳೋಕಾಗಲ್ಲ.

ಮೌನೇಶ ಫೋನ್ ಮಾಡಿದ್ದ. ನಮ್ಮ ಗಿಟಾರಿಸ್ಟ್. ಯಾವುದೋ ಸಣ್ಣ ಕಂಪನಿ ನಮ್ಮ ‘ಅಡ್ಡಗಾಲು’ ಬ್ಯಾಂಡಿಂದು ಒಂದು ಆಲ್ಬಮ್‌ನ ವಿನೈಲ್ ರೆಕಾರ್ಡ್ ಮಾಡುತ್ತಂತೆ, ಹಳೇ ಗ್ರಾಮಫೋನ್ ಪ್ಲೇಟಿನ ಥರ. ಮೂರರಲ್ಲಿ ಒಂದೇ. ಬೆಸ್ಟ್ ಯಾವುದು ಅಂತ ನಾವೇ ಹೇಳ್ಬೇಕು.

ಬ್ಯಾಂಡ್ ನಿಂತು ಎಷ್ಟು ವರ್ಷ ಆಯ್ತು. ಈಗ ಯಾರಿಗೆ ಬೇಕಿತ್ತೋ.

ಫೆಬ್ರವರಿ 5
ಅಡುಗೆ ಮಾಡ್ತಾ ಮೂರೂ ಕೇಳಿದೆ. ಇಯರ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ರವಿ ಕಡೆ.

‘ಪವರ್ ಕಟ್’ — ಮೊದಲ್ನೇದು. ನಾನಿನ್ನೂ ಬ್ಯಾಂಡಿಗೆ ಸೇರಿರಲಿಲ್ಲ. ಚಿಕ್ಕಲಸಂದ್ರದಲ್ಲಿ ಯಾರದೋ ಗ್ಯಾರೇಜಲ್ಲಿ ರೆಕಾರ್ಡ್ ಮಾಡಿದ್ದು. ಡ್ರಮ್ಸು ಡಬ್ಬ ಬಡಿದ ಹಾಗಿದೆ. ರವಿ ಹಾಡ್ತಿಲ್ಲ, ಕೂಗ್ತಿದಾನೆ.

‘ಸೈಟ್ ನಂಬರ್ ಇಲ್ಲ’ — ಕ್ಲೀನ್ ರೆಕಾರ್ಡಿಂಗ್. ಮೌನೇಶನ ಗಿಟಾರ್ ಸಖತ್. ಎಲ್ಲಿ ನಿಲ್ಲಿಸ್ಬೇಕು ಅಂತ ಮಾತ್ರ ಅವನಿಗೆ ಗೊತ್ತಿಲ್ಲ.

‘ಒದ್ದೆ ಗೋಡೆ’ — ಕೊನೇದು. ಎಲ್ಲಾ ಹಾಡು ನಾನು ಬರೆದಿದ್ದು, ಬೇಸ್ ಗಿಟಾರ್ ಕೂಡ ನಂದೇ. ಸುಬ್ರಹ್ಮಣ್ಯಪುರದ ಬಾಡಿಗೆ ಮನೇಲಿ ಗೋಡೆ ನೀರು ಒಸರ್ತಿದ್ದ ಕಾಲ. ರವಿ ಮೆತ್ತಗೆ ಹಾಡಿರೋದು ಇದೊಂದರಲ್ಲೇ. ಯಾರೂ ಕೊಳ್ಳಲಿಲ್ಲ. ನಂಗೆ ಇದೇ ಬೆಸ್ಟ್... ನಂಗಲ್ಲದೆ ಇನ್ಯಾರಿಗೆ ಅನ್ನಿಸುತ್ತೆ.

ಫೆಬ್ರವರಿ 9, ಭಾನುವಾರ
ಮೌನೇಶ ಬಂದಿದ್ದ. ಕಾಫಿ ಕೆಳಗಿಡೋಕೆ ಮುಂಚೆನೇ ಶುರು.

“ಎರಡನೇದು ಕಣೇ. ಜನಕ್ಕೆ ನೆನಪಿರೋದು ಅದೇ.”

“ಜನಕ್ಕಾ, ನಿಂಗಾ?”

“ನಿಂದು ಹಾಕಿದ್ರೆ ನಿದ್ದೆ ಹೋಗ್ತಾರೆ ರಮ್ಯ.”

ಬೇಕಂತ್ಲೇ ‘ಒದ್ದೆ ಗೋಡೆ’ ಹಾಕಿದೆ. ರವಿ ಅತ್ತುಬಿಟ್ಟ. ಮೂಗು, ಬಾಯಿ ಎಲ್ಲಾ ಸುರೀತಿತ್ತು. ಮೌನೇಶ ಎದ್ದು ಬಾಲ್ಕನಿಗೆ ಹೋದ. ವಾಪಸ್ ಬಂದು, “ಆಯ್ತು ಬಿಡು, ಮೂರನೇದೇ” ಅಂದ.

ಗೆದ್ದೆ ಅನ್ನಿಸ್ತು. ಗಂಡನ ಮೂಗು ಒರೆಸ್ತಾ ಗೆದ್ದೆ.

ಫೆಬ್ರವರಿ 11
ಸ್ಪೀಚ್ ಥೆರಪಿಗೆ ಅನ್ನಪೂರ್ಣ ಬಂದಿದ್ರು. ರವಿ ಅತ್ತಿದ್ದು ಹೇಳಿದೆ.

“ಸ್ಟ್ರೋಕ್ ಆದ್ಮೇಲೆ ಕೆಲವರಿಗೆ ಅಳು ಬೇಗ ಬರುತ್ತೆ ಮೇಡಂ. ಇಷ್ಟ ಆಯ್ತು ಅಂತಲೇ ಅಲ್ಲ. ಅವರನ್ನೇ ಕೇಳಿ. ಸಿಡಿ ಕವರ್ ಮುಂದಿಡಿ, ಎಡಗೈಲಿ ತೋರಿಸ್ತಾರೆ.”

ಅವನನ್ನೇ ಕೇಳ್ಬಹುದು ಅಂತ ನಮ್ಮಿಬ್ಬರಿಗೂ ಹೊಳೀಲೇ ಇಲ್ಲ.

ನಾಳೆ ಕೇಳ್ತೀನಿ.

ಫೆಬ್ರವರಿ 18, ಮಂಗಳವಾರ
ನಾಳೆ ನಾಳೆ ಅಂತಲೇ ಕಳೀತು. ಬೆಡ್‌ಶೀಟು, ಮಾತ್ರೆ, ನೀರಿನ ಟ್ಯಾಂಕರು... ನೆಪಕ್ಕೇನು ಬರ.

ಕಂಪನಿಯವರು ಕಾಯ್ತಿದಾರೆ ಅಂತ ಮೌನೇಶ ಬೈದ. ಮೂರೂ ಕವರ್ ಹಾಸಿಗೆ ಮೇಲಿಟ್ಟೆ.

“ಯಾವುದು ಕಣೋ?”

‘ಪವರ್ ಕಟ್’ ಮೇಲೆ ಕೈಯಿಟ್ಟ. ಜಾಗ ಬದಲಾಯಿಸಿ ಮತ್ತೆ ಕೇಳಿದೆ. ಅದೇ. ನಾನಿಲ್ಲದ್ದು.

ಹೊಟ್ಟೆ ಉರೀತು, ಸುಳ್ಳು ಯಾಕೆ. ಬಾಯಿ ಒರೆಸೋ ನೆಪದಲ್ಲಿ ಅದನ್ನ ದಿಂಬಿನ ಕೆಳಗೆ ತಳ್ಳಿದೆ. ಎರಡೇ ಉಳಿದ್ವು.

“ಈಗ ಹೇಳು.”

ನನ್ನ ಮುಖಾನೇ ನೋಡಿದ. ಎಡಗೈ ನಿಧಾನಕ್ಕೆ ದಿಂಬಿನಡಿ ಹೋಯ್ತು. ಕವರ್ ಎಳೆದು ಎದೆ ಮೇಲಿಟ್ಕೊಂಡ.

“ಕ... ಕಳ್ಳಿ.”

ನವೆಂಬರಿಂದ ಈಚೆಗೆ ಮೊದಲ್ನೇ ಮಾತು!

ಅರ್ಧ ಬಾಯಲ್ಲಿ ನಗ್ತಿದ್ದ. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಕೂತೆ.

ಫೆಬ್ರವರಿ 19
ಮೌನೇಶಂಗೆ ಹೇಳಿದೆ.

“ಆ ಡಬ್ಬ ರೆಕಾರ್ಡಿಂಗಾ? ಯಾಕೆ?”

“ರವಿ ಹೇಳ್ದ.”

“ಹೇಳಿದ್ನಾ? ಬಾಯಲ್ಲಿ?”

“ಅದನ್ನೇ ಕಳಿಸ್ತೀನಿ” ಅಂತ ಫೋನ್ ಇಟ್ಟ.

ಬೇಜಾರಿದೆ. ನನ್ನ ಹಾಡುಗಳು ಪೆಟ್ಟಿಗೇಲೇ ಉಳಿದ್ವು. ಒಪ್ಕೊಂಡೆ ಅಂತ ಬೇಜಾರು ಹೋಗಲ್ಲ.

ಸಂಜೆ ‘ಪವರ್ ಕಟ್’ ಹಾಕಿದೆ, ಜೋರಾಗಿ. ಕೆಳಗಿನ ಮನೆ ಆಂಟಿ ಬೈಕೊಳ್ಳಲಿ. ರವಿ ಬಾಯಿ ತೆಗೆದ. ಸಾಲಿನ ಮೊದಲ ಪದ ಬಂತು. ಮುಂದಿನದಕ್ಕೆ ತಡಕಾಡ್ತಿದ್ದ. ಹೇಳಿಕೊಡೋಕ್ ಹೋದೆ — ಎಡಗೈ ಎತ್ತಿ ತಡೆದ. ಹಾಡು ಮುಂದೆ ಹೋಗಿಬಿಡ್ತು, ನಾವಿಬ್ಬರೂ ಅಲ್ಲೇ ಕಾದ್ವಿ. ಬಂತು.

ಈಗ ಮಂಚ ತಟ್ತಿದಾನೆ. ಮತ್ತೆ ಹಾಕ್ಬೇಕಂತೆ. ಬೆನ್ನು ಬಿದ್ದುಹೋಗಿದೆ ನಂದು, ಅನ್ನಕ್ಕೂ ಇಟ್ಟಿಲ್ಲ, ಇದೊಂದು ಸಲ ಹಾಕಿ—